ಮನೆ ಬಳಕೆಗೆ ಆಲ್-ಇನ್-ವನ್ ಆಡಿಯೊ ಎಡಿಟರ್ ಯಾವುದು? (43 ತಾಳಮದ್ದಳೆ ಕ್ಯಾಸೆಟ್ ಕಾದು ಕೂತಿವೆ)

ಅಡಿಕೆ ಅಂಗಳ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದ ಕಡೆ. ಅಪ್ಪಯ್ಯ 80ರ ದಶಕದ ಕೊನೆಯಿಂದ ಹತ್ತು ಹದಿನೈದು ವರ್ಷ, ಊರಿನಲ್ಲಿ, ಅಕ್ಕಪಕ್ಕದಲ್ಲಿ ಆದ ತಾಳಮದ್ದಳೆಗಳನ್ನೆಲ್ಲ (ವೇಷ, ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನ) ರೇಡಿಯೊ, ಟೇಪ್ ಎರಡೂ ಇರುವ ಟೂ-ಇನ್-ವನ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಒಟ್ಟು 43 ಕ್ಯಾಸೆಟ್. ಹೆಚ್ಚಿನವು ಸಿ-60, ಅಂದರೆ ಬದಿಗೆ 30 ನಿಮಿಷ. ಈ ಸಲ ಮಳೆಗಾಲ ಮುಗಿದ ಮೇಲೆ ಡಬ್ಬಿ ತೆಗೆದು ನೋಡಿದರೆ ನಾಲ್ಕಕ್ಕೆ ಬೂಷ್ಟು ಹಿಡಿದಿದೆ. ಇನ್ನೂ ತಡ ಮಾಡಿದರೆ ಯಾವುದೂ ಉಳಿಯಲ್ಲ ಅಂತ ಕಂಪ್ಯೂಟರಿಗೆ ಹಾಕಲು ಹೊರಟಿದ್ದೇನೆ.

ನನಗೆ ಬೇಕಾದ್ದು ಇಷ್ಟೇ. ರೆಕಾರ್ಡ್ ಆಗಬೇಕು. ಸುಂಯ್ ಅನ್ನುವ ಸದ್ದು ಕಡಿಮೆಯಾಗಬೇಕು. ಭಾಗವತರು ಹಾಡುವ ಪದ್ಯ ಬೇರೆ, ಅರ್ಥಧಾರಿಗಳ ಮಾತು, ಅಂದರೆ ಅರ್ಥ ಬೇರೆ ತುಂಡು ಮಾಡಬೇಕು. ಎಂಪಿ3 ಮಾಡಿ ಅತ್ತೆಗೆ, ಚಿಕ್ಕಪ್ಪಂದಿರಿಗೆ ವಾಟ್ಸಾಪ್ ಮಾಡಬೇಕು. ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ ಆಗಬೇಕು, ನಾಲ್ಕು ಕಲಿಯಲು ಪುರಸೊತ್ತಿಲ್ಲ. ಅಡಿಕೆ ಕೊನೆ ಕೊಯ್ಲು ಹತ್ತಿರ ಬಂತು. ಹುಡುಕಿದರೆ ಬರೀ 'ಟಾಪ್ 10' ಪಟ್ಟಿಗಳು. ಪಟ್ಟಿ ಬರೆದವರದ್ದೇ ಸಾಫ್ಟ್‌ವೇರ್ ಮೊದಲನೇ ಸ್ಥಾನದಲ್ಲಿ ಕೂತಿರುತ್ತದೆ.

ಲ್ಯಾಪ್‌ಟಾಪ್ ವಿಂಡೋಸ್ 11, 8 ಜಿಬಿ. ದುಡ್ಡು ಕೊಡಲು ಅಡ್ಡಿಯಿಲ್ಲ. ತಿಂಗಳು ತಿಂಗಳು ಕಟ್ಟುವುದು ಮಾತ್ರ ಬೇಡ.

ರಾತ್ರಿಪಾಳಿ

ಆಡಾಸಿಟಿ. ಇದಕ್ಕೆ ಇಷ್ಟುದ್ದ ಬರೀಬೇಕಿತ್ತಾ?

ಮೊಬೈಲ್ ಮಂಜ

ಕ್ಯಾಸೆಟ್ ಹಾಕಿ ಪಕ್ಕದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಒತ್ತಿದರೆ ಆಯ್ತಲ್ವಾ?

ಅಡಿಕೆ ಅಂಗಳ

ಅದನ್ನೂ ಮಾಡಿ ನೋಡಿದೆ ಮಂಜಣ್ಣ. ಕರ್ಣನ ಅರ್ಥದ ಮಧ್ಯೆ ನಮ್ಮನೆ ಕುಕ್ಕರ್ ಎರಡು ಸಲ ಕೂಗಿದೆ.

ಕನ್ನಡ ಮೇಷ್ಟ್ರು

ರಾತ್ರಿಪಾಳಿಯವರ ಒಂದು ಪದದ ಉತ್ತರ ಸರಿ, ಆದರೆ ಸಾಲದು. ನಾನು ಶಾಲೆ ಮಕ್ಕಳಿಗೆ ಪದ್ಯ ಓದಿ ರೆಕಾರ್ಡ್ ಮಾಡುತ್ತೇನೆ. ನನ್ನದು 4 ಜಿಬಿಯ ಹಳೇ ಲ್ಯಾಪ್‌ಟಾಪ್. ಅದರಲ್ಲಿ ಆಡಾಸಿಟಿಗಿಂತ ಓಷನ್‌ಆಡಿಯೊ ಹಗುರ. ಅದು ಬ್ರೆಜಿಲ್‌ನ ಸಾಂತಾ ಕತರೀನಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಉಚಿತ, ಆದರೆ ಓಪನ್ ಸೋರ್ಸ್ ಅಲ್ಲ, ಅಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿಲ್ಲ. ಫೈಲ್ ತೆರೆದು, ಕತ್ತರಿಸಿ, ಸೇವ್ ಮಾಡಿದರೆ ಮುಗಿಯಿತು. ಗುಂಡಿ ತಿರುಗಿಸುತ್ತಿದ್ದ ಹಾಗೇ ಸದ್ದು ಹೇಗೆ ಬದಲಾಗುತ್ತದೆ ಅಂತ ಕೇಳಿಸುತ್ತದೆ. ಒಂದರ ಮೇಲೊಂದು ಟ್ರ್ಯಾಕ್ ಹಾಕಿ ಬೆರೆಸಲು ಮಾತ್ರ ಬರುವುದಿಲ್ಲ. ಕ್ಯಾಸೆಟ್ ಕೆಲಸಕ್ಕೆ ಅದು ಬೇಕಾಗುವುದೂ ಇಲ್ಲ.

ಆಡಾಸಿಟಿಯ ಪ್ರಾಜೆಕ್ಟ್ ಫೈಲ್ ನೋಡಿ ಒಮ್ಮೆ ಗಾಬರಿಯಾಗಿದ್ದೆ. ಅರ್ಧ ಗಂಟೆ ಸ್ಟೀರಿಯೊ ರೆಕಾರ್ಡ್ ಮಾಡಿದರೆ 600 ಎಂಬಿ ದಾಟಿತ್ತು.

ರಾತ್ರಿಪಾಳಿ

ಅದು ದೋಷ ಅಲ್ಲ ಮೇಷ್ಟ್ರೇ. ಕೆಲಸ ನಡೆಯುವಾಗ ಅದು 32 ಬಿಟ್‌ನಲ್ಲಿ ಇಟ್ಟುಕೊಳ್ಳುತ್ತದೆ, ನಿಮಿಷಕ್ಕೆ ಸುಮಾರು 21 ಎಂಬಿ. ಕೊನೆಗೆ ಸಿ.ಡಿ. ಮಟ್ಟದಲ್ಲಿ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ ವೇವ್ ಫೈಲ್ ತೆಗೆದರೆ ಅದರ ಅರ್ಧ. 128ರ ಎಂಪಿ3 ಮಾಡಿದರೆ ನಿಮಿಷಕ್ಕೆ 1 ಎಂಬಿ ಆಸುಪಾಸು. ಪ್ರಾಜೆಕ್ಟ್ ಫೈಲನ್ನು ಅಡುಗೆಮನೆ ಅಂದುಕೊಳ್ಳಿ. ಊಟ ಬಡಿಸಿದ ಮೇಲೆ ತೊಳೆದರಾಯಿತು.

ಕನ್ನಡ ಮೇಷ್ಟ್ರು

ಒಪ್ಪಿದೆ. ಆದರೆ 2021ರಲ್ಲಿ ಆಡಾಸಿಟಿಯನ್ನು ಮ್ಯೂಸ್ ಗ್ರೂಪ್ ಕಂಪನಿ ಕೊಂಡುಕೊಂಡಾಗ ಬಳಸುವವರ ಮಾಹಿತಿ ಕಲೆಹಾಕುತ್ತಾರೆ ಅಂತ ದೊಡ್ಡ ಗಲಾಟೆ ಆಗಿತ್ತು. ಆಗ ತೆಗೆದುಹಾಕಿದ್ದೆ.

ರಾತ್ರಿಪಾಳಿ

ಹೌದು, ಆಗಿತ್ತು. ಜನ ಕೂಗಾಡಿದ ಮೇಲೆ ಆ ಯೋಜನೆ ಕೈಬಿಟ್ಟರು. ಗೌಪ್ಯತೆಯ ನೀತಿಯನ್ನೂ ತಿದ್ದಿ ಬರೆದರು. ಸಿಟ್ಟಾದ ಕೆಲವರು ಟೆನಾಸಿಟಿ ಅಂತ ಬೇರೆಯೇ ಕವಲು ತೆಗೆದರು. ಇಷ್ಟೆಲ್ಲ ಸಾಧ್ಯವಾದದ್ದು ಅದು ಓಪನ್ ಸೋರ್ಸ್ ಆಗಿದ್ದಕ್ಕೆ. ನಿಮಗೆ ಇನ್ನೂ ಅನುಮಾನ ಇದ್ದರೆ ನೆಟ್ ಬಂದ್ ಮಾಡಿ ಬಳಸಿ, ಯಾವ ಕೆಲಸವೂ ನಿಲ್ಲುವುದಿಲ್ಲ. ಇನ್ನೊಂದು ಮಾತು, ಇಳಿಸಿಕೊಳ್ಳುವಾಗ ಅವರದೇ ಸೈಟಿನಿಂದ ಇಳಿಸಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಒತ್ತಬೇಡಿ.

ಮಳೆಬಿಲ್ಲು

ಅಂಗಳದವರೇ, ನೀವು ಆಲ್-ಇನ್-ವನ್ ಅಂದಿರಲ್ಲ, ಅದೇ ಪದಕ್ಕೆ ನಾನು ಒಮ್ಮೆ ಮೋಸಹೋಗಿದ್ದೇನೆ. ಕಂಪನಿ ಹೆಸರು ಬೇಡ. ರೆಕಾರ್ಡರ್, ಕಟ್ಟರ್, ಕನ್ವರ್ಟರ್, ರಿಂಗ್‌ಟೋನ್ ಮೇಕರ್, ಸಿ.ಡಿ. ಬರ್ನರ್, ಕೃತಕ ಬುದ್ಧಿಮತ್ತೆಯ ಕ್ಲೀನರ್, ಎಲ್ಲ ಒಂದೇ ಕಿಟಕಿಯಲ್ಲಿ. ಅತ್ತೆಯ ಸೋಬಾನೆ ಪದ 12 ಹಾಕಿ ಎರಡು ದಿನ ಕೂತು ಸರಿಮಾಡಿದೆ. ಸೇವ್ ಒತ್ತಿದಾಗ ದುಡ್ಡು ಕೇಳಿತು. ಟ್ರಯಲ್‌ನಲ್ಲಿ ಎಡಿಟ್ ಮಾಡಬಹುದಂತೆ, ಹೊರಗೆ ತೆಗೆಯುವ ಹಾಗಿಲ್ಲವಂತೆ! ಆ ಪ್ರಾಜೆಕ್ಟ್ ಫೈಲನ್ನು ಬೇರೆ ಯಾವುದೂ ತೆರೆಯುವುದಿಲ್ಲ. ಸರಿ ಅಂತ ಕಟ್ಟಿದೆ. ಮರುವರ್ಷ ಕೇಳದೇ ಮತ್ತೆ ಕಾರ್ಡಿನಿಂದ ಎಳೆದುಕೊಂಡರು. ಒಳಗಿದ್ದ ಆರು ಕೆಲಸದಲ್ಲಿ ನಾನು ಬಳಸಿದ್ದು ಎರಡು.

ಆಮೇಲೆ ನನ್ನದೇ ಒಂದು ಪದ್ಧತಿ ಮಾಡಿಕೊಂಡೆ. ಐದು ನಿಮಿಷದ ಒಂದೇ ತುಣುಕನ್ನು ಎಲ್ಲ ಸಾಫ್ಟ್‌ವೇರಿಗೂ ಕೊಡುವುದು. ಅದರಲ್ಲಿ ಪಿಸುಮಾತು, ಜೋರು ಮಾತು, ಹಾಡು, ಖಾಲಿ ಜಾಗ ನಾಲ್ಕೂ ಇರಬೇಕು. ಹಾಕಿದ ಮೊದಲ ದಿನವೇ ಸೇವ್ ಮಾಡಿ ಮೊಬೈಲಿನಲ್ಲಿ ಕೇಳಬೇಕು. ಹೊರಗೆ ಬಾರದ ಸಾಫ್ಟ್‌ವೇರ್ ಅಲ್ಲಿಗೇ ಔಟ್. ಮಧ್ಯದಲ್ಲಿ ಬೇಕಂತಲೇ ಟಾಸ್ಕ್ ಮ್ಯಾನೇಜರಿನಿಂದ ಬಂದ್ ಮಾಡಿ ಮತ್ತೆ ತೆರೆಯುತ್ತೇನೆ. ಹಳ್ಳಿ ಕರೆಂಟು ಹೋದಾಗ ಏನಾಗುತ್ತದೆ ಅಂತ ಗೊತ್ತಾಗಬೇಕಲ್ಲ. ಆಡಾಸಿಟಿ ಈ ಪರೀಕ್ಷೆಯಲ್ಲಿ ಪಾಸು, ಉಳಿಸದ ಕೆಲಸವನ್ನೂ ವಾಪಸ್ ತೋರಿಸುತ್ತದೆ.

ತಿಂಗಳ ಬಾಡಿಗೆಯದ್ದರಲ್ಲಿ ಅಡೋಬಿ ಆಡಿಷನ್ ಆಫೀಸಿನಲ್ಲಿ ಬಳಸಿದ್ದೇನೆ. ಸದ್ದನ್ನು ಚಿತ್ರದ ಹಾಗೆ ತೋರಿಸಿ, ಒಂದು ಕೆಮ್ಮನ್ನು ಬ್ರಷ್‌ನಿಂದ ಒರೆಸಿದ ಹಾಗೆ ತೆಗೆಯಬಹುದು. ಚಂದ ಇದೆ. 43 ಕ್ಯಾಸೆಟ್ಟಿಗೆ ಅಷ್ಟು ದುಡ್ಡು ಬೇಡ. ಒಂದೇ ಸಲ ಕೊಟ್ಟು ಮುಗಿಸುವುದಾದರೆ ರೀಪರ್ ಇದೆ. 60 ದಿನ ಪೂರ್ತಿ ಬಳಸಲು ಕೊಡುತ್ತಾರೆ, ಮನೆ ಬಳಕೆಯ ಲೈಸೆನ್ಸ್ 60 ಡಾಲರ್. ಈಗ ನಾನು ಪಾಡ್‌ಕಾಸ್ಟ್ ಮಾಡುವುದು ಅದರಲ್ಲೇ. ಆದರೆ ಮೊದಲ ವಾರ ನನಗೇ ತಲೆ ಕೆಟ್ಟಿತ್ತು. ಕೊಯ್ಲಿನ ಹೊತ್ತಿನಲ್ಲಿ ನಿಮಗೆ ಹೇಳಲಾರೆ.

ಡಲ್ಲಾಸ್ ಕನ್ನಡತಿ

ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಸುಮ್ನೆ ಸಿಗುತ್ತದೆ. ಆದರೆ ಅದು ಹಾಡು ಕಟ್ಟುವವರಿಗೆ. ಮಾತು ಕತ್ತರಿಸಲು ನಾನೂ ಆಡಾಸಿಟಿಗೇ ಬಂದೆ.

ಅಡಿಕೆ ಅಂಗಳ

ಎಲ್ಲರಿಗೂ ಧನ್ಯವಾದ. ಮಳೆಬಿಲ್ಲು ಅಕ್ಕ ಹೇಳಿದ ಹಾಗೆ ಒಂದೇ ತುಣುಕು ಇಟ್ಟುಕೊಂಡು ನಿನ್ನೆ ರಾತ್ರಿ ಮೂರರಲ್ಲೂ ನೋಡಿದೆ. ಆಡಾಸಿಟಿ, ಓಷನ್‌ಆಡಿಯೊ, ರೀಪರ್. ಮೂರೂ ಕೆಟ್ಟದಾಗಿವೆ!

ಟೂ-ಇನ್-ವನ್‌ನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿದ್ದೇನೆ. ಭಾಗವತರು ಪದ್ಯ ಎತ್ತುವಾಗ ಶ್ರುತಿ ಕೇಳುತ್ತದೆ, ಎರಡು ಸೆಕೆಂಡಿನಲ್ಲಿ ಮಾಯ. ಮದ್ದಳೆ ಬಿದ್ದಲ್ಲೆಲ್ಲ ಒಡೆದ ಸದ್ದು. ಒಂದೇ ಹದದಲ್ಲಿ ಗುಂಯ್ ಅನ್ನುವುದು ಬೇರೆ. ಮೂರರಲ್ಲೂ ಹೀಗೇ. ಹಾಗಾದರೆ ನಾಲ್ಕನೆಯದು ಯಾವುದು ನೋಡಲಿ?

ಟೇಪು ರಿಪೇರಿ

ನಾಲ್ಕನೆಯದು ಬೇಡ ತಮ್ಮಾ. ಮೂರರಲ್ಲೂ ಒಂದೇ ರೋಗ ಅಂದ ಮೇಲೆ ರೋಗ ಸಾಫ್ಟ್‌ವೇರಿನದ್ದಲ್ಲ.

ನಾನು ಶಿವಮೊಗ್ಗದಲ್ಲಿ 20 ವರ್ಷ ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿ ಇಟ್ಟವನು. ಕೂಲ್ ಎಡಿಟ್ ಕಾಲದಿಂದ ಕಂಪ್ಯೂಟರಿನಲ್ಲಿ ಮಾಡಿದ್ದೇನೆ. ಮೇಲೆ ಆ ತಂಗಿ ಹೇಳಿದ ಆಡಿಷನ್ ಇದೆಯಲ್ಲ, ಅದು ಇದೇ ಕೂಲ್ ಎಡಿಟ್. 2003ರಲ್ಲಿ ಅಡೋಬಿಯವರು ಕೊಂಡು ಹೆಸರು ಬದಲಿಸಿದರು.

ಈಗ ನಿನ್ನ ವಿಷಯ. ಮೊದಲು ಟೂ-ಇನ್-ವನ್‌ನದ್ದೇ ಸ್ಪೀಕರಿನಲ್ಲಿ ಅದೇ ಜಾಗ ಹಾಕಿ ಕೇಳು. ಅಲ್ಲೂ ಶ್ರುತಿ ಮಾಯವಾಗುತ್ತದಾ?

ಅಡಿಕೆ ಅಂಗಳ

ಇಲ್ಲ ಮಾವ. ಅಲ್ಲಿ ಶ್ರುತಿ ಪದ್ಯದುದ್ದಕ್ಕೂ ಇದೆ. ಆದರೆ ಜೋರಾಗಿ ಮಾತಾಡಿ ನಿಲ್ಲಿಸಿದ ಮೇಲೆ ಜೀರುಂಡೆ ಸದ್ದು ನಿಧಾನಕ್ಕೆ ಮೇಲೆ ಬರುತ್ತದೆ.

ಟೇಪು ರಿಪೇರಿ

ಹಾಗಾದರೆ ಎರಡು ಬೇರೆ ಬೇರೆ ವಿಷಯ.

ಜೀರುಂಡೆ ಮೇಲೇಳುವುದು ಟೇಪಿನಲ್ಲೇ ಇದೆ. ಆ ಕಾಲದ ಟೂ-ಇನ್-ವನ್‌ಗಳು ರೆಕಾರ್ಡ್ ಮಾಡುವಾಗ ಮಟ್ಟವನ್ನು ತಾವೇ ಏರಿಸಿ ಇಳಿಸುತ್ತಿದ್ದವು. ಸದ್ದು ನಿಂತರೆ ದೂರದ್ದನ್ನೂ ಎಳೆದು ತರುತ್ತಿದ್ದವು. ಅದನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ತೆಗೆಯುವುದಿಲ್ಲ. ಜೀರುಂಡೆ ಇರಲಿ ಬಿಡು, ರಾತ್ರಿ ಕೂಟ ಅಂತ ಗೊತ್ತಾಗುತ್ತದೆ.

ಶ್ರುತಿ ಮಾಯವಾಗುವುದು ನಿನ್ನ ವಿಂಡೋಸ್ ಮಾಡುವ ಉಪಕಾರ. ಲ್ಯಾಪ್‌ಟಾಪಿನ ಆ ಒಂದೇ ತೂತು ಮೈಕಿಗೆ ಅಂತ ಇರುವುದು. ವಿಡಿಯೊ ಕಾಲ್‌ನಲ್ಲಿ ಫ್ಯಾನ್ ಸದ್ದು ತೆಗೆಯಲು ಒಂದು ಶೋಧಕ ಹಾಕಿರುತ್ತಾರೆ. ಒಂದೇ ಸಮನೆ ಬರುವ ಸದ್ದೆಲ್ಲ ಅದಕ್ಕೆ ಫ್ಯಾನೇ. ಶ್ರುತಿಪೆಟ್ಟಿಗೆಯೂ ಫ್ಯಾನೇ! ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್, ಅಲ್ಲಿ ಇನ್‌ಪುಟ್ ಮೈಕ್ ಒತ್ತಿ 'ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್' ಬಂದ್ ಮಾಡು.

ಮದ್ದಳೆ ಒಡೆಯುವುದಕ್ಕೂ ಆ ತೂತೇ ಕಾರಣ. ಮೈಕಿನಿಂದ ಬರುವುದು ಚೂರು ವಿದ್ಯುತ್ತು, ಹೆಡ್‌ಫೋನಿನಿಂದ ಬರುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಲೋಟ ಹಿಡಿದುಕೊಂಡು ಪಂಪ್‌ಸೆಟ್ಟಿನ ಬಾಯಿಗೆ ಹೋದ ಹಾಗೆ. ಕೆಂಪು, ಬಿಳಿ ಎರಡು ತೂತಿರುವ ಯುಎಸ್‌ಬಿ ಆಡಿಯೊ ಪೆಟ್ಟಿಗೆ ಒಂದು ತಗೋ. ಬೆಹ್ರಿಂಗರ್‌ನ ಯುಸಿಎ202 ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಮೈಕ್ ತೂತು ಒಂದೇ ಇರುವ ಅಗ್ಗದ ಯುಎಸ್‌ಬಿ ಕಡ್ಡಿ ತಂದು ಮತ್ತೆ ಇಲ್ಲಿ ಅಳಬೇಡ. ರೆಕಾರ್ಡ್ ಮಾಡುವಾಗ ಮೀಟರು ಜೋರು ಸದ್ದಿಗೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ನೋಡಿಕೋ. ಗುಂಯ್ ಅನ್ನುವುದು ನಮ್ಮ 50 ಹರ್ಟ್ಸ್ ಕರೆಂಟು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಮಾಡಿ ನೋಡು.

ರಾತ್ರಿಪಾಳಿ

ಸರ್, ಇಷ್ಟು ದಿನ ಎಲ್ಲಿದ್ದಿರಿ ನೀವು!

ಟೇಪು ರಿಪೇರಿ

ಅಂಗಡಿ ಮುಚ್ಚಿ ಮನೆಯಲ್ಲಿದ್ದೇನೆ ಮಾರಾಯಾ.

ಬೂಷ್ಟು ಹಿಡಿದ ನಾಲ್ಕನ್ನು ಈಗಲೇ ಹಾಕಬೇಡ. ಬಿಳಿ ಪುಡಿ ಟೇಪ್ ಓದುವ ಹೆಡ್ಡಿಗೆ ಕೂತರೆ ಉಳಿದ 39ಕ್ಕೂ ಹರಡುತ್ತದೆ. ಅವನ್ನು ಬೇರೆ ಡಬ್ಬಿಯಲ್ಲಿ ಒಣಗಿದ ಜಾಗದಲ್ಲಿಡು, ಕೊನೆಗೆ ನೋಡೋಣ. ಪ್ರತೀ ಕ್ಯಾಸೆಟ್ಟಿನ ಬಾಯಿಯಲ್ಲಿ ಪುಟ್ಟ ಸ್ಪಂಜಿನ ಮೆತ್ತೆ ಇದೆಯಾ ನೋಡು. ಅದು ಉದುರಿದ್ದರೆ ಸದ್ದು ಮಂಕು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸು. ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಕ್ಯಾಸೆಟ್ ಓಡುವಾಗ ಅದನ್ನು ಕೂದಲೆಳೆಯಷ್ಟು ತಿರುಗಿಸು. ಭಾಗವತರ ಕೈಯ ತಾಳ ಎಲ್ಲಿ ಅತಿ ಸ್ಪಷ್ಟವಾಗಿ ಕಿಣಿಕಿಣಿ ಅನ್ನುತ್ತದೋ ಅಲ್ಲಿ ನಿಲ್ಲಿಸು. ಎಡಿಟರಿನಲ್ಲಿ ಎಷ್ಟು ಟ್ರೆಬಲ್ ಏರಿಸಿದರೂ ಆ ಸ್ಕ್ರೂ ಕೊಡುವಷ್ಟು ಬರುವುದಿಲ್ಲ.

ಅಡಿಕೆ ಅಂಗಳ

ಎಂಟು ದಿನ ಬಿಟ್ಟು ಬಂದಿದ್ದೇನೆ. ಪೆಟ್ಟಿಗೆ ಬಂತು. ಶ್ರುತಿ ವಾಪಸ್ ಬಂತು! ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತಿತು. ಸ್ಕ್ರೂ ತಿರುಗಿಸುವಾಗ ಕೈ ನಡುಗಿತು, ಆದರೆ ತಾಳ ಕೇಳಿ ಅಪ್ಪಯ್ಯ ಒಳಗಿನಿಂದ ಎದ್ದು ಬಂದರು.

ಮೂರನ್ನೂ ಮತ್ತೆ ನೋಡಿದೆ. ಕತ್ತರಿಸಲು ಓಷನ್‌ಆಡಿಯೊ ಸುಲಭ, ಮೇಷ್ಟ್ರು ಹೇಳಿದ್ದು ನಿಜ. ರೀಪರ್ ತೆರೆದು ಹತ್ತು ನಿಮಿಷ ಸುಮ್ನೆ ಕೂತೆ, ಮುಚ್ಚಿದೆ. ಆಡಾಸಿಟಿಯಲ್ಲಿ ನಿಂತೆ. ಕಾರಣ ಎರಡೇ. ಒಂದು ಟೈಮರ್ ರೆಕಾರ್ಡ್. 31 ನಿಮಿಷ ಇಟ್ಟು ತೋಟಕ್ಕೆ ಹೋಗಬಹುದು. ಇನ್ನೊಂದು ಲೇಬಲ್. ಪದ್ಯ ಶುರುವಾದಲ್ಲೆಲ್ಲ ಕಂಟ್ರೋಲ್ ಎಂ ಒತ್ತಿ ಹೆಸರು ಬರೆದರೆ, ಕೊನೆಗೆ ಎಲ್ಲ ತುಂಡೂ ಅದದೇ ಹೆಸರಿನಲ್ಲಿ ಒಟ್ಟಿಗೆ ಹೊರಗೆ ಬರುತ್ತವೆ. 43 ಕ್ಯಾಸೆಟ್ಟಿಗೆ ಇದು ದೊಡ್ಡ ಉಳಿತಾಯ.

ಈಗ ನಾಯ್ಸ್ ರಿಡಕ್ಷನ್. ಖಾಲಿ ಜಾಗದಿಂದ ಸದ್ದಿನ ಗುರುತು ತೆಗೆದು ಹಾಕಿದೆ. ಸುಂಯ್ ಹೋಯಿತು, ಆದರೆ ಅರ್ಥಧಾರಿ ನೀರೊಳಗೆ ಕೂತು ಮಾತಾಡಿದ ಹಾಗಿದೆ.

ಮಳೆಬಿಲ್ಲು

ಆ ಖಾಲಿ ಜಾಗದಲ್ಲಿ ಹಿಂದೆ ಶ್ರುತಿ ಇತ್ತಾ? ಇದ್ದರೆ ನೀವು ಶ್ರುತಿಯನ್ನೇ ಕಸ ಅಂತ ತೋರಿಸಿಕೊಟ್ಟ ಹಾಗೆ. ಹಾಡಿನ ಸ್ವರಗಳೂ ಅದರ ಜೊತೆ ಸವೆಯುತ್ತವೆ. ಕೂಟ ಶುರುವಾಗುವ ಮೊದಲು, ಶ್ರುತಿ ಹಾಕುವ ಮೊದಲು, ಒಂದು ಸೆಕೆಂಡ್ ಟೇಪ್ ಮಾತ್ರ ಓಡುವ ಜಾಗ ಹುಡುಕಿ. ಅದನ್ನೇ ಗುರುತು ಮಾಡಿ.

ಎಷ್ಟು ತೆಗೆಯಬೇಕು ಅನ್ನುವಲ್ಲಿ 6ಕ್ಕಿಂತ ಜಾಸ್ತಿ ಇದ್ದರೆ 6 ಮಾಡಿ. ಕೆಳಗೆ 'ರೆಸಿಡ್ಯೂ' ಅಂತ ಒಂದು ಆಯ್ಕೆ ಇದೆ, ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ಅದನ್ನು ಒತ್ತಿ ಪ್ರಿವ್ಯೂ ಕೇಳಿ. ಎಸೆಯಲು ಹೊರಟಿರುವ ಸದ್ದು ಮಾತ್ರ ಕೇಳಿಸುತ್ತದೆ. ಬರೀ ಸುಂಯ್ ಇದ್ದರೆ ಸರಿ. ಅದರೊಳಗೆ ಭಾಗವತರ ದನಿ ಕೇಳಿದರೆ ನೀವು ಕಲ್ಲಿನ ಜೊತೆ ಅಕ್ಕಿಯನ್ನೂ ಎಸೆಯುತ್ತಿದ್ದೀರಿ. ಕೇಳಿದ ಮೇಲೆ ಮರೆಯದೇ ವಾಪಸ್ 'ರೆಡ್ಯೂಸ್'ಗೆ ಬನ್ನಿ. ನಾನೊಮ್ಮೆ ಮರೆತು ಒಂದು ಗಂಟೆ ಕಸವನ್ನೇ ಸೇವ್ ಮಾಡಿದ್ದೇನೆ.

ಕನ್ನಡ ಮೇಷ್ಟ್ರು

ಹಾಗಾದರೆ ಈಗ ಎಲ್ಲ ಕಡೆ ಬರುವ ಕೃತಕ ಬುದ್ಧಿಮತ್ತೆಯ ಕ್ಲೀನರ್‌ಗಳು?

ಮಳೆಬಿಲ್ಲು

ಮಾತಿಗೆ ಚೆನ್ನಾಗಿವೆ. ನನ್ನ ಪಾಡ್‌ಕಾಸ್ಟಿಗೆ ದಿನಾ ಬಳಸುತ್ತೇನೆ. ಮನುಷ್ಯರ ಮಾತು ಬಿಟ್ಟು ಉಳಿದದ್ದೆಲ್ಲ ಗದ್ದಲ ಅಂತ ತಿಳಿಯುವುದೇ ಅವುಗಳ ಕೆಲಸ. ಹಿಮ್ಮೇಳ ಕೊಟ್ಟು ನೋಡಿ. ಚಂಡೆ ಒಂದು ಸಲ ಇದೆ, ಒಂದು ಸಲ ಇಲ್ಲ. ಬರೀ ಅರ್ಥದ ಭಾಗಕ್ಕೆ, ಅದೂ ಒಂದು ಪ್ರತಿಯ ಮೇಲೆ ಬೇಕಾದರೆ ಮಾಡಿ.

ರಾತ್ರಿಪಾಳಿ

ಅಂಗಳದವರೇ, ಏನೂ ಮುಟ್ಟದ ಮೂಲ ರೆಕಾರ್ಡಿಂಗನ್ನು ಫ್ಲ್ಯಾಕ್‌ನಲ್ಲಿ ಬೇರೆ ಇಡಿ. ವೇವ್‌ನ ಸುಮಾರು ಅರ್ಧ ಗಾತ್ರ, ಗುಣಮಟ್ಟ ಚೂರೂ ಕಡಿಮೆಯಾಗಲ್ಲ. ಟೂ-ಇನ್-ವನ್ ಮೋನೊ ಅಲ್ವಾ? ಎಡ ಬಲ ಎರಡನ್ನೂ ಕೂಡಿಸಿ ಮೋನೊ ಮಾಡಿ, ಮತ್ತೂ ಅರ್ಧ.

ಟೇಪು ರಿಪೇರಿ

ಕೂಡಿಸಬೇಡ. ಸ್ಟೀರಿಯೊ ಹೆಡ್ಡಾದರೆ ಎಡಕ್ಕೂ ಬಲಕ್ಕೂ ಕೂದಲೆಳೆ ಹಿಂದೆಮುಂದೆ ಇರುತ್ತದೆ. ಕೂಡಿಸಿದರೆ ತಾಳದ ಕಿಣಿಕಿಣಿ ಸತ್ತುಹೋಗುತ್ತದೆ. ಎರಡರಲ್ಲಿ ಚೆನ್ನಾಗಿರುವ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡು.

ರಾತ್ರಿಪಾಳಿ

ಇದು ನನಗೆ ಗೊತ್ತಿರಲಿಲ್ಲ ಸರ್. ನನ್ನ ಮಾತು ವಾಪಸ್.

ಅಡಿಕೆ ಅಂಗಳ

11 ಕ್ಯಾಸೆಟ್ ಮುಗಿದವು. 6 ಹಾಕಿದ ಮೇಲೆ ದನಿ ದನಿಯ ಹಾಗಿದೆ. ಅತ್ತೆಯ ವಾಯ್ಸ್ ಮೆಸೇಜು ಬಂದಿದೆ, ಅದೇ ನಾಲ್ಕು ನಿಮಿಷ.

ಎರಡು ಹೊಸ ತಲೆನೋವು. ಟೈಮರ್ 31 ನಿಮಿಷ ಇಟ್ಟದ್ದಕ್ಕೆ ಪ್ರತೀ ಬದಿಯ ಕೊನೆ ಸ್ವಲ್ಪ ತಪ್ಪಿಹೋಗುತ್ತಿದೆ. ಇನ್ನೊಂದು, ಅಪ್ಪಯ್ಯ ಕೂತು ಕೇಳಿ, 'ಈ ಭಾಗವತರು ಯಾವತ್ತೂ ಕಪ್ಪು ಎರಡರ ಶ್ರುತಿಯಲ್ಲಿ ಹಾಡುವವರು, ಇದೇನು ಬಿಳಿ ಎರಡಕ್ಕೆ ಇಳಿದುಬಿಟ್ಟಿದ್ದಾರೆ' ಅಂದರು. ಹಾರ್ಮೋನಿಯಂ ತೆಗೆದು ಒತ್ತಿ ನೋಡಿದೆ. ಹೌದು, ಬಿಳಿ ಎರಡೇ.

ಟೇಪು ರಿಪೇರಿ

ಅವೆರಡೂ ಒಂದೇ ತಲೆನೋವು. ನಿನ್ನ ಮಿಷನ್ನು ನಿಧಾನ ಓಡುತ್ತಿದೆ. ಕಪ್ಪು ಎರಡರಿಂದ ಬಿಳಿ ಎರಡಕ್ಕೆ ಅರ್ಧ ಸ್ವರ, ಅಂದರೆ ಸುಮಾರು 6 ಪರ್ಸೆಂಟ್ ವೇಗ ಕಡಿಮೆ. 30 ನಿಮಿಷದ ಬದಿ 32 ನಿಮಿಷದ ಹತ್ತಿರ ಓಡುತ್ತದೆ. ಅದಕ್ಕೇ ಕೊನೆ ತಪ್ಪುತ್ತಿದೆ. ನಿಮ್ಮ ಅಪ್ಪಯ್ಯನ ಕಿವಿಗೆ ನನ್ನದೊಂದು ನಮಸ್ಕಾರ ಹೇಳು.

ರಾತ್ರಿಪಾಳಿ

ಮಾಡಿದ 11ಕ್ಕೆ ಆಡಾಸಿಟಿಯಲ್ಲೇ ದಾರಿ ಇದೆ. ವೇಗ ಬದಲಿಸುವ ಎಫೆಕ್ಟಿನಲ್ಲಿ 1.06 ಹಾಕಿ. ಶ್ರುತಿ ಮಾತ್ರ ಬದಲಿಸುವುದು ಬೇರೆ ಇದೆ, ಗತಿ ಮಾತ್ರ ಬದಲಿಸುವುದು ಬೇರೆ ಇದೆ. ಅವೆರಡೂ ಅಲ್ಲ. ವೇಗ, ಶ್ರುತಿ ಎರಡೂ ಒಟ್ಟಿಗೆ ಏರುವುದನ್ನೇ ಆರಿಸಿ.

ಟೇಪು ರಿಪೇರಿ

ಅದು 11ಕ್ಕೆ ಸರಿ. ಉಳಿದವಕ್ಕೆ ಮೊದಲು ಬೆಲ್ಟ್ ಬದಲಿಸು, ಟೈಮರ್ 34ಕ್ಕೆ ಇಡು. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಮೋಟಾರಿನಿಂದ ದೊಡ್ಡ ಚಕ್ರಕ್ಕೆ ಹೋಗುವ ಕಪ್ಪು ರಬ್ಬರ್ ಬೆಲ್ಟು ಕಾಣುತ್ತದೆ. ಎಳೆದು ಬಿಟ್ಟರೆ ವಾಪಸ್ ಬಿಗಿಯಾಗದಿದ್ದರೆ ಅದರ ಆಯಸ್ಸು ಮುಗಿಯಿತು.

ಅಡಿಕೆ ಅಂಗಳ

ಈಗಷ್ಟೇ ಬಿಚ್ಚಿದೆ ಮಾವ. ಬೆರಳಿಗೆ ಡಾಂಬರಿನ ಹಾಗೆ ಅಂಟಿತು. ಹೊಸದು ಯಾವ ಅಳತೆ ಕೇಳಲಿ?

ಟೇಪು ರಿಪೇರಿ

ಬಿಸಾಡಬೇಡ! ಎರಡು ಬೆರಳಿನಲ್ಲಿ ಚಪ್ಪಟೆ ಮಾಡಿ ಸ್ಕೇಲಿನ ಮೇಲಿಡು. ಉದ್ದ ಎಷ್ಟು, ದಪ್ಪ ಎಷ್ಟು, ಚೌಕವೋ ಚಪ್ಪಟೆಯೋ, ಒಂದು ಫೋಟೊ ತೆಗೆದು ಇಲ್ಲೇ ಹಾಕು. ನನ್ನ ಹಳೇ ಡಬ್ಬಿಯಲ್ಲಿ ಇನ್ನೂ ಮುಷ್ಟಿ ತುಂಬ ಬೆಲ್ಟ್‌ಗಳಿವೆ, ಹೊಂದುವುದು ಸಿಕ್ಕರೆ ಪೋಸ್ಟಿಗೆ ಹಾಕುತ್ತೇನೆ.